ಗರ್ಭಪರೀಕ್ಷೆಯ ಚರಿತ್ರೆ: ಮೊದಲು ತಿಳಿಯುವವರು ಯಾರು?

ಭಾರತೀಯ ಕಾವ್ಯಪರಂಪರೆಯಲ್ಲಿ ಗರ್ಭದ ಸುದ್ದಿಯನ್ನು ಸಾರುವುದು ಬಯಕೆ. ಸಂಸ್ಕೃತದ ದೋಹದ, ಪ್ರಾಕೃತದ ದೋಹಲ, ಕನ್ನಡದ ಬಸಿರ ಬಯಕೆ ಇವು ಮೂರೂ ಒಂದೇ ಸಂಗತಿಯ ಹೆಸರುಗಳು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ಇದಕ್ಕೆ ದೇಹದ ನೆಲೆಯಲ್ಲಿಯೇ ವಿವರಣೆ ಕೊಡುತ್ತದೆ. ನಾಲ್ಕನೆಯ ತಿಂಗಳಲ್ಲಿ ಭ್ರೂಣದ ಹೃದಯ ವ್ಯಕ್ತವಾಗುತ್ತದೆ. ಆಗ ಒಂದೇ ಒಡಲಲ್ಲಿ ಎರಡು ಹೃದಯಗಳಿರುವುದರಿಂದ ಆಕೆ ದೌಹೃದಿನಿ. ಅವಳ ಬಯಕೆಯನ್ನು ಕಡೆಗಣಿಸಿದರೆ ಶಿಶುವಿಗೆ ಕೇಡು ಎಂಬುದು ಆ ಗ್ರಂಥದ ನಿಲುವು. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ಮುಖ ಬಿಳುಪೇರುತ್ತದೆ; ಮಣ್ಣು ತಿಂದ ಅವಳ ಬಾಯ ಕಂಪನ್ನು ದಿಲೀಪನು ಏಕಾಂತದಲ್ಲಿ ಆಘ್ರಾಣಿಸುತ್ತಾನೆ. ಇಂತಹ ವರ್ಣನೆಗಳಲ್ಲಿ ಗರ್ಭದ ಅರಿವು ಸಂಭ್ರಮದ ವಸ್ತು.

ಸೀತೆಯ ಬಯಕೆಯ ಕಥೆ ಹಾಗಲ್ಲ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಗರ್ಭಿಣಿಯಾದ ಸೀತೆ ಗಂಗಾತೀರದ ಋಷ್ಯಾಶ್ರಮಗಳನ್ನು ನೋಡಬಯಸುತ್ತಾಳೆ. ಆ ಬಯಕೆಯನ್ನು ನಡೆಸಿಕೊಡುವ ನೆಪದಲ್ಲಿಯೇ ಅವಳ ಪರಿತ್ಯಾಗ ನಡೆಯುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತದ ಮೂಲಕ ಕನ್ನಡಿಗರ ಮನಸ್ಸಿನಲ್ಲಿ ನೆಲೆಯೂರಿದ ಪ್ರಸಂಗವಿದು. ವಿಮಲಸೂರಿಯ ಪಉಮಚರಿಯದಲ್ಲಿ ಸೀತೆಯ ದೋಹಲ ಜಿನಾಲಯಗಳ ಪೂಜೆ. ಅಲ್ಲಿಯೂ ಜಿನಾಲಯಗಳ ದರ್ಶನ ಮಾಡಿಸುವ ನೆಪದಲ್ಲಿ ಸೇನಾಪತಿ ಅವಳನ್ನು ಕಾಡಿನಲ್ಲಿ ಬಿಟ್ಟು ಬರುತ್ತಾನೆ. ಧರ್ಮ ಬೇರೆಯಾದರೂ ಭಾಷೆ ಬೇರೆಯಾದರೂ ಕಥೆಯ ಈ ಕೊಂಡಿ ಬದಲಾಗಿಲ್ಲ. ಹೆಣ್ಣಿನ ಒಡಲು ಹೇಳಿದ ಗುಟ್ಟು ಇನ್ನೊಬ್ಬರ ಕೈಗೆ ಸಿಕ್ಕಿ ಅವಳ ವಿರುದ್ಧವೇ ಬಳಕೆಯಾಗುತ್ತದೆ.

ಗರ್ಭವನ್ನು ಪತ್ತೆ ಹಚ್ಚುವ ವಿಧಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿಖರತೆ ಮತ್ತು ವೇಗಗಳ ಏರುಗತಿಯನ್ನು ಗುರುತಿಸುತ್ತಾರೆ. ತಿಂಗಳುಗಟ್ಟಲೆ ಕಾಯಬೇಕಾಗಿದ್ದದ್ದು ಕೆಲವೇ ನಿಮಿಷಗಳಿಗೆ ಇಳಿಯಿತು ಎಂಬುದು ನಿಜ. ಆದರೆ ಆ ಚರಿತ್ರೆಯ ಒಳಗೆ ಇನ್ನೊಂದು ಪ್ರಶ್ನೆ ಉದ್ದಕ್ಕೂ ಹರಿದು ಬಂದಿದೆ. ಮೊದಲು ತಿಳಿಯುವವರು ಯಾರು, ತಿಳಿದವರು ಆ ತಿಳಿವಿನಿಂದ ಏನು ಮಾಡುತ್ತಾರೆ ಎಂಬುದೇ ಆ ಪ್ರಶ್ನೆ.

ಧಾನ್ಯ, ಗಾಜಿನ ಪಾತ್ರೆ ಮತ್ತು ನ್ಯಾಯಾಲಯ

ಲಿಖಿತ ದಾಖಲೆಯುಳ್ಳ ಅತ್ಯಂತ ಹಳೆಯ ಪರೀಕ್ಷೆಗಳಲ್ಲೊಂದು ಈಜಿಪ್ಟಿನದು. ಕ್ರಿಸ್ತಪೂರ್ವ 1300ರ ಸುಮಾರಿನದೆಂದು ಗುರುತಿಸಲಾದ ಬರ್ಲಿನ್ ಪಪೈರಸ್ಸಿನಲ್ಲಿ ಅದರ ವಿವರವಿದೆ. ಹೆಂಗಸು ಜವೆಗೋಧಿ ಮತ್ತು ಗೋಧಿಯ ಕಾಳುಗಳ ಮೇಲೆ ದಿನವೂ ಮೂತ್ರ ಹೊಯ್ಯಬೇಕು. ಎರಡೂ ಮೊಳೆತರೆ ಅವಳು ಹೆರುತ್ತಾಳೆ. ಜವೆಗೋಧಿ ಮೊಳೆತರೆ ಗಂಡು, ಗೋಧಿ ಮೊಳೆತರೆ ಹೆಣ್ಣು. ಎರಡೂ ಮೊಳೆಯದಿದ್ದರೆ ಗರ್ಭವಿಲ್ಲ. 1963ರಲ್ಲಿ ಈಜಿಪ್ಟಿನ ವೈದ್ಯ ಮತ್ತು ಇತಿಹಾಸಕಾರ ಪಾಲ್ ಘಲಿಯೂಂಗಿ ಮತ್ತು ಅವರ ಸಂಗಡಿಗರು ಈ ವಿಧಾನವನ್ನು ಪ್ರಯೋಗಕ್ಕೆ ಒಡ್ಡಿದರು. ಗರ್ಭಿಣಿಯರ ಮೂತ್ರ ಎರೆದ ಕಾಳುಗಳು ಸುಮಾರು ಶೇಕಡಾ 70ರಷ್ಟು ಸಂದರ್ಭಗಳಲ್ಲಿ ಮೊಳೆತವು. ಗಂಡಸರ ಮತ್ತು ಗರ್ಭಿಣಿಯರಲ್ಲದವರ ಮೂತ್ರ ಮೊಳಕೆಯನ್ನು ತಡೆಯಿತು. ಗಂಡು ಹೆಣ್ಣೆಂಬ ಭವಿಷ್ಯ ಮಾತ್ರ ನಿಲ್ಲಲಿಲ್ಲ. ಗರ್ಭವಿದೆಯೇ ಎಂಬ ಪ್ರಶ್ನೆಯ ಬೆನ್ನಿಗೇ ಯಾವ ಮಗು ಎಂಬ ಪ್ರಶ್ನೆ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಅಂಟಿಕೊಂಡಿತ್ತೆಂಬುದು ಇಲ್ಲಿ ಗಮನಾರ್ಹ. ಆ ಎರಡನೆಯ ಪ್ರಶ್ನೆ ಮುಂದೆ ಭಾರತದಲ್ಲಿ ಪಡೆದ ರೂಪ ಬೇರೆಯೇ.

ಮಧ್ಯಯುಗದ ಯುರೋಪಿನಲ್ಲಿ ಮೂತ್ರವನ್ನು ಗಾಜಿನ ಪಾತ್ರೆಯಲ್ಲಿಟ್ಟು ಬಣ್ಣ, ತಿಳಿ, ಗಸಿಗಳನ್ನು ನೋಡಿ ರೋಗನಿರ್ಣಯ ಮಾಡುವ ಪದ್ಧತಿ ಬೆಳೆಯಿತು. ರೋಗಿಯನ್ನು ನೋಡದೆಯೇ ಪಾತ್ರೆಯೊಂದನ್ನೇ ನೋಡಿ ಗರ್ಭವನ್ನು ಸಾರುವವರೂ ಹುಟ್ಟಿಕೊಂಡರು. 1637ರಲ್ಲಿ ಇಂಗ್ಲೆಂಡಿನ ಥಾಮಸ್ ಬ್ರಯನ್ ಇಂತಹವರ ಮೋಸವನ್ನು ಬಯಲಿಗೆಳೆಯಲೆಂದೇ ಒಂದು ಪುಸ್ತಕ ಪ್ರಕಟಿಸಿ, ಅವರನ್ನು ಮೂತ್ರಪ್ರವಾದಿಗಳೆಂದು ಗೇಲಿ ಮಾಡಿದನು. ಪಾತ್ರೆ ಊರೂರು ಸುತ್ತುವಾಗ ಹೆಂಗಸು ಮನೆಯಲ್ಲಿಯೇ ಉಳಿದಿರುತ್ತಿದ್ದಳು. ದೇಹ ಒಂದೆಡೆ, ಅದರ ಗುರುತು ಇನ್ನೊಂದೆಡೆ ಎಂಬ ಈ ಅಗಲಿಕೆ ಮುಂದೆ ಪ್ರಯೋಗಾಲಯದ ಯುಗದಲ್ಲಿ ಪೂರ್ಣ ರೂಪ ತಾಳಿತು.

ಗರ್ಭದ ಅರಿವು ಪ್ರಾಣದ ಪ್ರಶ್ನೆಯಾದದ್ದು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ. ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಗರ್ಭಿಣಿಯೆಂದು ಹೇಳಿಕೊಂಡರೆ, ನ್ಯಾಯಾಲಯವು ಅನುಭವಸ್ಥ ಹೆಂಗಸರ ಮಂಡಳಿಯೊಂದನ್ನು ನೇಮಿಸಿ ಪರೀಕ್ಷಿಸುವಂತೆ ಆಜ್ಞಾಪಿಸುತ್ತಿತ್ತು. ಹೊಟ್ಟೆಯಲ್ಲಿ ಶಿಶು ಮಿಸುಕಾಡುತ್ತಿದೆಯೆಂದು ಮಂಡಳಿ ತೀರ್ಮಾನಿಸಿದರೆ ಹೆರಿಗೆಯವರೆಗೆ ದಂಡನೆ ಮುಂದಕ್ಕೆ ಹೋಗುತ್ತಿತ್ತು, ಇಲ್ಲವಾದರೆ ನೇಣು. ಮಿಸುಕಾಟ ಅರಿವಿಗೆ ಬರುವುದು ಸಾಮಾನ್ಯವಾಗಿ ನಾಲ್ಕು ಐದನೆಯ ತಿಂಗಳಲ್ಲಿ. ಅದಕ್ಕೆ ಮೊದಲಿನ ಗರ್ಭಕ್ಕೆ ಕಾನೂನಿನ ಕಣ್ಣಿನಲ್ಲಿ ಅಸ್ತಿತ್ವವೇ ಇರಲಿಲ್ಲ. 1931ರಲ್ಲಿ ಬ್ರಿಟನ್ನಿನ ಸಂಸತ್ತು ಗರ್ಭಿಣಿಯರಿಗೆ ಮರಣದಂಡನೆ ವಿಧಿಸುವುದನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ಬರ್ಲಿನ್ನಿನ ಇಬ್ಬರು ವೈದ್ಯರು ಗರ್ಭದ ಗುರುತನ್ನು ಇಲಿಮರಿಗಳ ಒಡಲಲ್ಲಿ ಓದುವ ದಾರಿಯನ್ನು ಕಂಡುಕೊಂಡಿದ್ದರು.

ಇಲಿ, ಮೊಲ, ಕಪ್ಪೆ

ಸೆಲ್ಮಾರ್ ಅಷ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಬರ್ಲಿನ್ನಿನ ಶರಿಟೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಗರ್ಭಿಣಿಯ ಮೂತ್ರದಲ್ಲಿ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು ಹೇರಳವಾಗಿರುವುದನ್ನು ಗುರುತಿಸಿ, 1928ರಲ್ಲಿ ಅವರು ತಮ್ಮ ಪರೀಕ್ಷೆಯನ್ನು ಪ್ರಕಟಿಸಿದರು. ಪ್ರಾಯಕ್ಕೆ ಬಾರದ ಐದು ಹೆಣ್ಣು ಇಲಿಮರಿಗಳಿಗೆ ಬೆಳಗಿನ ಮೂತ್ರವನ್ನು ಹಲವು ಬಾರಿ ಚುಚ್ಚಿ, ನಾಲ್ಕು ದಿನಗಳ ಮೇಲೆ ಅವನ್ನು ಕೊಂದು ಅಂಡಾಶಯಗಳನ್ನು ಪರಿಶೀಲಿಸಬೇಕಾಗಿತ್ತು. ಅಲ್ಲಿ ರಕ್ತದ ಚುಕ್ಕೆಗಳು ಕಂಡರೆ ಹೆಂಗಸು ಗರ್ಭಿಣಿ. ಪರೀಕ್ಷೆಯ ನಿಖರತೆ ಶೇಕಡಾ 98ರಷ್ಟು ಮೇಲ್ಮಟ್ಟದ್ದಾಗಿತ್ತು. ಒಂದು ಪ್ರಶ್ನೆಗೆ ಐದು ಜೀವಗಳ ಬೆಲೆ ತೆತ್ತು ಪಡೆದ ಉತ್ತರವದು. ಇದನ್ನು ಕಂಡುಹಿಡಿದವರಿಗೂ ನೆಮ್ಮದಿ ದೊರೆಯಲಿಲ್ಲ. ಇಬ್ಬರೂ ಯಹೂದಿಗಳಾಗಿದ್ದುದರಿಂದ ನಾಜಿ ಆಡಳಿತದಲ್ಲಿ ನೆಲೆ ಕಳೆದುಕೊಂಡರು. ಝೊಂಡೆಕ್ ಸ್ಟಾಕ್‌ಹೋಮಿನ ಮಾರ್ಗವಾಗಿ ಜೆರುಸಲೇಮಿಗೂ ಅಷ್‌ಹೈಮ್ ಪ್ಯಾರಿಸ್ಸಿಗೂ ಹೋದರು.

1929ರಲ್ಲಿ ಎಡಿನ್‌ಬರೋದಲ್ಲಿ ಗರ್ಭನಿರ್ಣಯ ಕೇಂದ್ರವೊಂದು ಆರಂಭವಾಯಿತು. ವೈದ್ಯರು ಅಂಚೆಯ ಮೂಲಕ ಮೂತ್ರದ ಸೀಸೆಗಳನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಫಲಿತಾಂಶ ವೈದ್ಯರಿಗೇ ಹಿಂದಿರುಗುತ್ತಿತ್ತು. ಮಾದರಿ ಹೆಂಗಸಿನದು, ತೀರ್ಪು ಪ್ರಯೋಗಾಲಯದ್ದು, ಅದನ್ನು ಯಾವಾಗ ಹೇಗೆ ಹೇಳಬೇಕೆಂಬ ವಿವೇಚನೆ ವೈದ್ಯರದು. 1931ರಲ್ಲಿ ಅಮೆರಿಕೆಯ ಮಾರಿಸ್ ಫ್ರೀಡ್‌ಮನ್ ಮತ್ತು ಮ್ಯಾಕ್ಸ್‌ವೆಲ್ ಲ್ಯಾಫಮ್ ಇಲಿಯ ಬದಲು ಮೊಲವನ್ನು ಬಳಸಿ ಅವಧಿಯನ್ನು ಎರಡು ದಿನಗಳಿಗೆ ಇಳಿಸಿದರು. ಮೊಲ ಸತ್ತಿತು ಎಂದರೆ ಬಸಿರು ನಿಂತಿತು ಎಂಬ ನುಡಿಗಟ್ಟು ಅಮೆರಿಕೆಯಲ್ಲಿ ಬಳಕೆಗೆ ಬಂದದ್ದು ಇದರಿಂದಲೇ. ಆ ನುಡಿಗಟ್ಟು ತಪ್ಪು ತಿಳಿವಳಿಕೆಯ ಫಲ. ಅಂಡಾಶಯವನ್ನು ನೋಡಲು ಮೊಲವನ್ನು ಕೊಲ್ಲಲೇಬೇಕಾಗಿದ್ದುದರಿಂದ ಉತ್ತರ ಯಾವುದಾದರೂ ಮೊಲ ಸಾಯುತ್ತಿತ್ತು.

ಕೊಲ್ಲದೆ ತಿಳಿಯುವ ದಾರಿ ದಕ್ಷಿಣ ಆಫ್ರಿಕೆಯಿಂದ ಬಂದಿತು. ಕೇಪ್‌ಟೌನಿನಲ್ಲಿ ಅಧ್ಯಾಪಕರಾಗಿದ್ದ ಲ್ಯಾನ್ಸ್‌ಲಾಟ್ ಹಾಗ್ಬೆನ್, ಅಲ್ಲಿನ ಕೆರೆಕುಂಟೆಗಳಲ್ಲಿ ವಾಸಿಸುವ ಕ್ಸೆನೊಪಸ್ ಎಂಬ ಉಗುರುಳ್ಳ ಕಪ್ಪೆಗೆ ಎತ್ತಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದರೆ ಅದು ಮೊಟ್ಟೆಯಿಡುವುದನ್ನು ಗಮನಿಸಿದ್ದರು. ಅದೇ ಊರಿನ ಹಿಲ್ಲೆಲ್ ಶಾಪಿರೊ ಮತ್ತು ಹ್ಯಾರಿ ಜ್ವಾರೆನ್‌ಸ್ಟೈನ್ 1930ರ ದಶಕದ ಮೊದಲ ಭಾಗದಲ್ಲಿ ಇದನ್ನು ಗರ್ಭಪರೀಕ್ಷೆಯಾಗಿ ರೂಪಿಸಿದರು. ಮೊದಲಿಗರು ಯಾರೆಂಬ ವಿವಾದ ಬಹುಕಾಲ ನಡೆಯಿತು. ಗರ್ಭಿಣಿಯ ಮೂತ್ರದ ಸಾರ ಚುಚ್ಚಿದ ಹೆಣ್ಣುಕಪ್ಪೆ ಒಂದು ಹಗಲು ಇಲ್ಲವೇ ಒಂದು ರಾತ್ರಿಯೊಳಗೆ ಮೊಟ್ಟೆಯಿಡುತ್ತಿತ್ತು. ಮೊಟ್ಟೆಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಅದೇ ಕಪ್ಪೆಯನ್ನು ಕೆಲವು ವಾರಗಳ ಬಳಿಕ ಮತ್ತೆ ಬಳಸಬಹುದಾಗಿತ್ತು. ಕಪ್ಪೆಗಳು ಸಾವಿರಗಟ್ಟಲೆಯಾಗಿ ಹಡಗೇರಿ ಬೇರೆ ಖಂಡಗಳನ್ನು ಸೇರಿದವು.

ಈ ಸಾಗಣೆಗೆ ಇನ್ನೊಂದು ಮುಖವೂ ಇದೆ. ತಪ್ಪಿಸಿಕೊಂಡ ಮತ್ತು ಹೊರಗೆ ಬಿಟ್ಟ ಕಪ್ಪೆಗಳು ಚಿಲಿ, ಕ್ಯಾಲಿಫೋರ್ನಿಯ ಮೊದಲಾದೆಡೆ ನೆಲೆ ನಿಂತು ಸ್ಥಳೀಯ ಜಲಚರಗಳಿಗೆ ಕಂಟಕವಾದವು. ಜಗತ್ತಿನ ಉಭಯವಾಸಿಗಳನ್ನು ಅಳಿವಿನತ್ತ ನೂಕುತ್ತಿರುವ ಕೈಟ್ರಿಡ್ ಶಿಲೀಂಧ್ರ ಹರಡಿದ್ದಕ್ಕೂ ಈ ವ್ಯಾಪಾರವೇ ಕಾರಣವೆಂಬ ವಾದವನ್ನು 2004ರಲ್ಲಿ ಸಂಶೋಧಕರು ಮಂಡಿಸಿದರು. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ರೋಗದ ಮೂಲ ಪೂರ್ವ ಏಷ್ಯಾದಲ್ಲಿದೆಯೆಂದು ತೋರಿಸಿತು. ಮೂಲ ಎಲ್ಲಿಯದಾದರೂ, ಉಭಯವಾಸಿಗಳ ಜಾಗತಿಕ ಸಾಗಣೆಯೇ ಅದನ್ನು ಹರಡಿತೆಂಬುದನ್ನು ಆ ಅಧ್ಯಯನವೂ ಒಪ್ಪುತ್ತದೆ. ಮನುಷ್ಯಳ ಒಡಲ ಗುಟ್ಟನ್ನು ತಿಳಿಯಲು ತೆತ್ತ ಬೆಲೆಯ ಲೆಕ್ಕ ಇಲಿ ಮೊಲಗಳಿಗೆ ಮುಗಿಯುವುದಿಲ್ಲ.

ಜೀವಿಯಿಂದ ಪ್ರನಾಳಕ್ಕೆ, ಪ್ರನಾಳದಿಂದ ಮನೆಗೆ

ಈ ಎಲ್ಲ ಪ್ರಾಣಿಗಳೂ ಗುರುತಿಸುತ್ತಿದ್ದದ್ದು ಒಂದೇ ಹಾರ್ಮೋನನ್ನು. ಎಚ್‌ಸಿಜಿ ಎಂದು ಇಂದು ಹೆಸರಾದ ಅದು ಪಿಟ್ಯುಟರಿಯಲ್ಲಿ ಹುಟ್ಟುತ್ತದೆಂದು ಝೊಂಡೆಕ್ ಭಾವಿಸಿದ್ದರು. ಅದರ ಮೂಲ ಮಾಸು ಎಂಬುದನ್ನು ತೋರಿಸಿದವರಲ್ಲಿ ಅಮೆರಿಕೆಯ ಜಾರ್ಜಿಯಾನ ಸೀಗರ್ ಜೋನ್ಸ್ ಪ್ರಮುಖರು. ಅವರೇ ಮುಂದೆ ಪತಿ ಹೋವರ್ಡ್ ಜೋನ್ಸ್ ಅವರೊಂದಿಗೆ, 1981ರಲ್ಲಿ ಅಮೆರಿಕೆಯ ಮೊದಲ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದರು. ಗರ್ಭವನ್ನು ಪತ್ತೆ ಹಚ್ಚುವ ವಿದ್ಯೆ ಮತ್ತು ಗರ್ಭವನ್ನು ಸಾಧಿಸುವ ವಿದ್ಯೆ ಎರಡಕ್ಕೂ ಒಂದೇ ಬೇರು ಎಂಬುದಕ್ಕೆ ಅವರ ಬದುಕು ನಿದರ್ಶನ.

1960ರಲ್ಲಿ ಸ್ವೀಡನ್ನಿನ ಲೀಫ್ ವೀಡೆ ಮತ್ತು ಕಾರ್ಲ್ ಗೆಮ್ಜೆಲ್ ಪ್ರಾಣಿಯ ಬದಲಿಗೆ ಪ್ರತಿಕಾಯಗಳನ್ನು ಬಳಸಿದರು. ಹಾರ್ಮೋನು ಲೇಪಿಸಿದ ರಕ್ತಕಣಗಳು, ಪ್ರತಿಕಾಯ ಮತ್ತು ಮೂತ್ರ ಪ್ರನಾಳದಲ್ಲಿ ಸೇರುತ್ತವೆ. ಮೂತ್ರದಲ್ಲಿ ಹಾರ್ಮೋನಿದ್ದರೆ ಪ್ರತಿಕಾಯವೆಲ್ಲ ಅದಕ್ಕೇ ಅಂಟಿಕೊಂಡು, ರಕ್ತಕಣಗಳು ಒಂದಕ್ಕೊಂದು ಕೂಡದೆ ಪ್ರನಾಳದ ತಳಕ್ಕೆ ಇಳಿದು ಉಂಗುರವಾಗುತ್ತವೆ. ಎರಡು ಗಂಟೆಗಳಲ್ಲಿ ಉತ್ತರ ಸಿದ್ಧ. ಪ್ರಾಣಿಶಾಲೆ ಬೇಕಿಲ್ಲ, ಶಸ್ತ್ರಚಿಕಿತ್ಸೆ ಬೇಕಿಲ್ಲ. ಇಷ್ಟು ಸುಲಭವಾದ ಮೇಲೆ ಪ್ರಯೋಗಾಲಯವಾದರೂ ಏಕೆ ಬೇಕು ಎಂಬ ಪ್ರಶ್ನೆ ಏಳುವುದು ಸಹಜವಾಗಿತ್ತು. ಆದರೆ ಅದನ್ನು ಕೇಳಿದವರು ವಿಜ್ಞಾನಿಗಳಲ್ಲ.

ಮಾರ್ಗರೆಟ್ ಕ್ರೇನ್ 1967ರಲ್ಲಿ ಅಮೆರಿಕೆಯ ನ್ಯೂಜೆರ್ಸಿಯಲ್ಲಿ ಆರ್ಗನಾನ್ ಎಂಬ ಔಷಧ ಕಂಪನಿಯ ವಿನ್ಯಾಸಗಾರ್ತಿ. ವಯಸ್ಸು 26. ಸೌಂದರ್ಯಸಾಧನಗಳ ವಿನ್ಯಾಸಕ್ಕಾಗಿ ನೇಮಕಗೊಂಡಿದ್ದ ಅವರು ಪ್ರಯೋಗಾಲಯಕ್ಕೆ ಹೋದಾಗ, ಕನ್ನಡಿಯಂತಹ ತಳದ ಮೇಲೆ ಸಾಲಾಗಿ ತೂಗುತ್ತಿದ್ದ ಪ್ರನಾಳಗಳನ್ನು ಕಂಡರು. ಅವು ವೈದ್ಯರು ಕಳುಹಿಸಿದ ಗರ್ಭಪರೀಕ್ಷೆಗಳೆಂದು ತಿಳಿಯಿತು. ಇದನ್ನು ಹೆಂಗಸೊಬ್ಬಳು ತಾನೇ ಮನೆಯಲ್ಲಿ ಮಾಡಿಕೊಳ್ಳಬಾರದೇಕೆ ಎಂದು ಅವರಿಗೆ ತೋರಿತು. ಕಾಗದದ ಕ್ಲಿಪ್ಪುಗಳನ್ನಿಡುವ ಪಾರದರ್ಶಕ ಡಬ್ಬಿ, ಒಂದು ಕನ್ನಡಿ, ಒಂದು ಪ್ರನಾಳ, ಒಂದು ಹನಿಕೊಳವೆ ಇಷ್ಟರಿಂದ ಅವರು ಮಾದರಿಯೊಂದನ್ನು ತಯಾರಿಸಿದರು. ಪ್ರನಾಳದ ತಳದ ಉಂಗುರ ಕೆಳಗಿನ ಕನ್ನಡಿಯಲ್ಲಿ ಕಾಣುವಂತೆ ಅದರ ರಚನೆ.

ಕಂಪನಿಯ ಮೊದಲ ಪ್ರತಿಕ್ರಿಯೆ ನಿರಾಕರಣೆ. ಪರೀಕ್ಷೆಯನ್ನು ಕೊಳ್ಳುವವರು ವೈದ್ಯರು. ಅವರನ್ನು ದಾಟಿ ಹೆಂಗಸರಿಗೆ ಮಾರಿದರೆ ಗಿರಾಕಿಗಳು ಕೈತಪ್ಪುತ್ತಾರೆ ಎಂಬ ಆತಂಕ ಒಂದು. ಫಲಿತಾಂಶವನ್ನು ಒಬ್ಬಳೇ ಎದುರಿಸುವ ಶಕ್ತಿ ಹೆಂಗಸಿಗಿದೆಯೇ ಎಂಬ ಅನುಮಾನ ಇನ್ನೊಂದು. ಕಡೆಗೆ ಕಂಪನಿ ಈ ಯೋಚನೆಯನ್ನು ಕೈಗೆತ್ತಿಕೊಂಡಾಗ ವಿನ್ಯಾಸಕ್ಕಾಗಿ ಬೇರೆಯವರನ್ನು ಕರೆಸಿತು. ಅವರ ಮಾದರಿಗಳಲ್ಲಿ ಹೂವಿನ ಚಿತ್ತಾರ, ಕುಚ್ಚು ಮೊದಲಾದ ಅಲಂಕಾರಗಳಿದ್ದವು. ಜಾಹೀರಾತು ಸಂಸ್ಥೆಯ ಪ್ರತಿನಿಧಿ ಐರಾ ಸ್ಟರ್ಟೆವಾಂಟ್ ಆರಿಸಿದ್ದು ಅಲಂಕಾರವಿಲ್ಲದ ಕ್ರೇನ್ ಅವರ ಡಬ್ಬಿಯನ್ನು. ಪೇಟೆಂಟ್ ಅವರ ಹೆಸರಿನಲ್ಲಿ ನೋಂದಣಿಯಾಯಿತು. ಹಕ್ಕನ್ನು ಒಂದು ಡಾಲರಿಗೆ ಕಂಪನಿಗೆ ಬರೆದುಕೊಟ್ಟೆನೆಂದೂ ಆ ಡಾಲರು ಕೈಸೇರಲಿಲ್ಲವೆಂದೂ ಅವರು ಮುಂದೆ ಹೇಳಿದ್ದಾರೆ. ಪ್ರಿಡಿಕ್ಟರ್ ಎಂಬ ಹೆಸರಿನ ಆ ಪರೀಕ್ಷೆ 1971ರಲ್ಲಿ ಕೆನಡಾದಲ್ಲಿ ಮಾರಾಟಕ್ಕೆ ಬಂದಿತು. ಅಮೆರಿಕೆಯ ಅಂಗಡಿಗಳಲ್ಲಿ ಮನೆಯ ಗರ್ಭಪರೀಕ್ಷೆ ಸಿಗಲು 1970ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಲ್ಲಿ 1978ರ ಜಾಹೀರಾತೊಂದು, ಹೌದೆಂಬ ಉತ್ತರ ಶೇಕಡಾ 97ರಷ್ಟೂ ಇಲ್ಲವೆಂಬ ಉತ್ತರ ಶೇಕಡಾ 80ರಷ್ಟೂ ನಿಖರವೆಂದು ತಿಳಿಸಿತ್ತು. ಹೌದನ್ನು ನಂಬಬಹುದಾಗಿತ್ತು, ಇಲ್ಲವನ್ನು ಮತ್ತೊಮ್ಮೆ ಕೇಳಬೇಕಾಗಿತ್ತು.

ನಿಖರತೆಯ ತೊಡಕಿಗೆ ಕಾರಣ ಹಾರ್ಮೋನುಗಳ ಹೋಲಿಕೆ. ಅಂಡ ಬಿಡುಗಡೆಯಾಗುವಂತೆ ಮಾಡುವ ಎಲ್‌ಎಚ್ ಎಂಬ ಹಾರ್ಮೋನಿಗೂ ಎಚ್‌ಸಿಜಿಗೂ ಅರ್ಧ ಭಾಗ ಒಂದೇ; ಪ್ರತಿಕಾಯಗಳು ಒಂದನ್ನು ಇನ್ನೊಂದೆಂದು ಭ್ರಮಿಸುತ್ತಿದ್ದವು. 1972ರಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜುಡಿತ್ ವೈಟುಕೈಟಿಸ್, ಗ್ಲೆನ್ ಬ್ರೌನ್‌ಸ್ಟೈನ್ ಮತ್ತು ಗ್ರಿಫ್ ರಾಸ್ ಎಚ್‌ಸಿಜಿಯ ಉಳಿದರ್ಧವನ್ನು, ಅಂದರೆ ಬೀಟಾ ಭಾಗವನ್ನು, ಮಾತ್ರ ಗುರುತಿಸುವ ಪರೀಕ್ಷೆ ರೂಪಿಸಿದರು. 1975ರಲ್ಲಿ ಕೇಂಬ್ರಿಡ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಈ ಎರಡರ ಫಲವಾಗಿ 1988ರಲ್ಲಿ ಬ್ರಿಟನ್ನಿನಲ್ಲಿ ಒಂದೇ ಹಂತದ ಪಟ್ಟಿ ಬಂದಿತು. ಪಟ್ಟಿಯ ತುದಿ ಒದ್ದೆಯಾದರೆ ತೇವ ಏರುತ್ತ ಹೋಗಿ, ಬಣ್ಣದ ಕಣ ಹೊತ್ತ ಪ್ರತಿಕಾಯಗಳನ್ನು ಕೊಂಡೊಯ್ದು ಗೆರೆ ಮೂಡಿಸುತ್ತದೆ. ಒಂದು ಗೆರೆ ಪರೀಕ್ಷೆ ಸರಿಯಾಗಿ ನಡೆದಿದೆಯೆಂಬುದಕ್ಕೆ, ಎರಡನೆಯದು ಗರ್ಭಕ್ಕೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ ಪಟ್ಟಿಯ ತತ್ತ್ವವೂ ಇದೇ.

ಓಲ್ಡಮ್ ಮತ್ತು ಕಲ್ಕತ್ತ

ಗರ್ಭಪರೀಕ್ಷೆ ಉತ್ತರಿಸುವುದು ಆಗಿಹೋದ ಸಂಗತಿಗೆ. ಸಂತಾನ ಚಿಕಿತ್ಸೆಗೆ ಬೇಕಾದದ್ದು ಆಗಲಿರುವ ಸಂಗತಿಯ ಮುನ್ಸೂಚನೆ. ಎಲ್‌ಎಚ್ ಏರತೊಡಗಿದ ಸುಮಾರು 36 ಗಂಟೆಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಪಕ್ವವಾದ ಅಂಡವನ್ನು ಹೊರತೆಗೆಯಬೇಕಾದವರು ಆ ಗಳಿಗೆಗೆ ಸ್ವಲ್ಪ ಮೊದಲೇ ಸಿದ್ಧರಿರಬೇಕು. ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಿದರೆ ಉತ್ತರ ಬರುವುದರೊಳಗೆ ಅಂಡ ಹೋಗಿಬಿಟ್ಟಿರುತ್ತದೆ. ಪರೀಕ್ಷೆ ಮಂಚದ ಪಕ್ಕಕ್ಕೇ ಬರಬೇಕಾದ ಅನಿವಾರ್ಯ ಹುಟ್ಟಿದ್ದು ಹೀಗೆ.

ಇಂಗ್ಲೆಂಡಿನ ಓಲ್ಡಮ್ ಪಟ್ಟಣದ ಬಳಿಯ ಕರ್ಷಾಸ್ ಎಂಬ ಪುಟ್ಟ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪ್ಯಾಟ್ರಿಕ್ ಸ್ಟೆಪ್ಟೊ, ಕೇಂಬ್ರಿಡ್ಜಿನ ಶರೀರವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಮತ್ತು ದಾದಿಯ ತರಬೇತಿ ಪಡೆದ ಭ್ರೂಣತಜ್ಞೆ ಜೀನ್ ಪರ್ಡಿ ಕೆಲಸ ಮಾಡುತ್ತಿದ್ದರು. ಹಾರ್ಮೋನು ಕೊಟ್ಟು ಹೆಚ್ಚು ಅಂಡಗಳನ್ನು ಬೆಳೆಸುವ ಅವರ ಪ್ರಯತ್ನಗಳು ವರ್ಷಗಟ್ಟಲೆ ವಿಫಲವಾಗಿದ್ದವು. 1977ರಲ್ಲಿ ಅವರು ಔಷಧವಿಲ್ಲದೆ, ದೇಹದ ಸಹಜ ಚಕ್ರವನ್ನೇ ಅನುಸರಿಸಲು ನಿರ್ಧರಿಸಿದರು. ತಿಂಗಳಿಗೆ ಒಂದೇ ಅಂಡ; ಗಳಿಗೆ ತಪ್ಪಿದರೆ ಎಲ್ಲವೂ ತಪ್ಪಿತು. ಜಪಾನಿನಲ್ಲಿ ತಯಾರಾದ ಹೈಗೊನಾವಿಸ್ ಎಂಬ ಕಿಟ್ಟಿನಿಂದ ಮೂರು ಗಂಟೆಗೊಮ್ಮೆ ಹಗಲಿರುಳೂ ಮೂತ್ರದ ಎಲ್‌ಎಚ್ ಅಳೆದು, ಅದರ ಏರಿಕೆಯಿಂದ ಶಸ್ತ್ರಕ್ರಿಯೆಯ ವೇಳೆಯನ್ನು ನಿಗದಿ ಮಾಡಲಾಗುತ್ತಿತ್ತು. 1977ರ ನವೆಂಬರ್ 10ರಂದು ಲೆಸ್ಲಿ ಬ್ರೌನ್ ಅವರಿಂದ ಪಡೆದ ಒಂದು ಅಂಡ ಭ್ರೂಣವಾಗಿ, 1978ರ ಜುಲೈ 25ರ ರಾತ್ರಿ ಲೂಯಿಸ್ ಬ್ರೌನ್ ಜನಿಸಿದಳು.

ಈ ಯಶಸ್ಸಿನ ಹಿಂದಿನ ಸಂಖ್ಯೆಗಳು ಪ್ರಕಟವಾದದ್ದು ಬಹಳ ತಡವಾಗಿ. 1969ರಿಂದ 1978ರವರೆಗೆ 282 ಹೆಂಗಸರು ಈ ಚಿಕಿತ್ಸೆಗೆ ಒಳಗಾಗಿದ್ದರು. 112 ಬಾರಿ ಭ್ರೂಣವನ್ನು ಗರ್ಭಕ್ಕೆ ಸೇರಿಸಲಾಗಿತ್ತು. ಜೀವಂತವಾಗಿ ಹುಟ್ಟಿದ ಶಿಶುಗಳು 2. ಇಂತಹ ಚಿಕಿತ್ಸೆಯಿಂದ ಅದಾಗಲೇ ನೂರಾರು ಮಕ್ಕಳು ಹುಟ್ಟಿರಬಹುದೆಂದು ತಾನು ಭಾವಿಸಿದ್ದಾಗಿ ಲೆಸ್ಲಿ ಬ್ರೌನ್ ತಮ್ಮ ನೆನಪಿನ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಮೂರು ಗಂಟೆಗೊಮ್ಮೆ ನಡೆದ ಪರೀಕ್ಷೆ ಅವರ ಪಕ್ಕದಲ್ಲಿಯೇ ಇತ್ತು. ತಾನೇ ಮೊದಲಿಗಳಾಗಲಿರುವೆನೆಂಬ ತಿಳಿವು ಪಕ್ಕದಲ್ಲಿರಲಿಲ್ಲ. ಪರೀಕ್ಷೆ ಹತ್ತಿರ ಬಂದ ಮಾತ್ರಕ್ಕೆ ಅರಿವು ಹತ್ತಿರ ಬಂದಂತಲ್ಲ. ಮನ್ನಣೆಯೂ ಎಲ್ಲರಿಗೂ ಸಮನಾಗಿ ಸಲ್ಲಲಿಲ್ಲ. ಎಡ್ವರ್ಡ್ಸ್ 2010ರಲ್ಲಿ ನೊಬೆಲ್ ಪಡೆದರು. 1985ರಲ್ಲಿಯೇ 39ನೆಯ ವಯಸ್ಸಿನಲ್ಲಿ ತೀರಿಹೋಗಿದ್ದ ಪರ್ಡಿಯ ಹೆಸರು ಬಹುಕಾಲ ಮರೆಯಲ್ಲಿಯೇ ಉಳಿಯಿತು.

ಲೂಯಿಸ್ ಹುಟ್ಟಿದ ಹತ್ತು ವಾರಗಳಲ್ಲಿ, 1978ರ ಅಕ್ಟೋಬರ್ 3ರಂದು, ಕಲ್ಕತ್ತದಲ್ಲಿ ಇನ್ನೊಂದು ಶಿಶು ಹುಟ್ಟಿತು. ಎಡಿನ್‌ಬರೋದಲ್ಲಿ ಸಂತಾನ ಹಾರ್ಮೋನುಗಳ ಕುರಿತು ಎರಡನೆಯ ಡಾಕ್ಟರೇಟ್ ಪಡೆದಿದ್ದ ವೈದ್ಯ ಸುಭಾಷ್ ಮುಖೋಪಾಧ್ಯಾಯ, ಸುನಿತ್ ಮುಖರ್ಜಿ ಮತ್ತು ಸರೋಜ್‌ಕಾಂತಿ ಭಟ್ಟಾಚಾರ್ಯರ ನೆರವಿನಿಂದ ಇದನ್ನು ಸಾಧಿಸಿದ್ದರು. ಅವರ ಮಾರ್ಗ ಓಲ್ಡಮ್ಮಿನದಕ್ಕಿಂತ ಬೇರೆ. ಹಾರ್ಮೋನಿನಿಂದ ಅಂಡಗಳನ್ನು ಬೆಳೆಸಿ, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು, ಮುಂದಿನ ಚಕ್ರವೊಂದರಲ್ಲಿ ಗರ್ಭಕ್ಕೆ ಸೇರಿಸಿದ್ದರು. ಇಂದು ಜಗತ್ತಿನ ಚಿಕಿತ್ಸಾಲಯಗಳಲ್ಲಿ ರೂಢಿಯಾಗಿರುವುದು ಈ ಬಗೆಯ ಕ್ರಮವೇ. ಆದರೆ ಅಂದು ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಯೊಂದಕ್ಕೆ ವರ್ಗಾಯಿಸಲಾಯಿತು. 1981ರ ಜೂನ್ 19ರಂದು ಅವರು ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ರಮಾಪದ ಚೌಧುರಿಯವರ ಅಭಿಮನ್ಯು ಕಾದಂಬರಿಯೂ ಅದನ್ನು ಆಧರಿಸಿ ತಪನ್ ಸಿನ್ಹಾ 1990ರಲ್ಲಿ ನಿರ್ದೇಶಿಸಿದ ಏಕ್ ಡಾಕ್ಟರ್ ಕಿ ಮೌತ್ ಚಲನಚಿತ್ರವೂ ಈ ದುರಂತದ ನೆರಳಿನಲ್ಲಿ ಹುಟ್ಟಿದವು.

ಅವರ ಹೆಸರು ಮರಳಿ ಬೆಳಕಿಗೆ ಬಂದ ಬಗೆಯಲ್ಲಿ ಬೆಂಗಳೂರಿಗೂ ಪಾಲಿದೆ. 1986ರಲ್ಲಿ ಮುಂಬಯಿಯಲ್ಲಿ ಇಂದಿರಾ ಹಿಂದುಜಾ ಅವರೊಂದಿಗೆ ನಡೆಸಿದ ಕೆಲಸಕ್ಕಾಗಿ ಭಾರತದ ಮೊದಲ ಪ್ರನಾಳ ಶಿಶುವಿನ ವಿಜ್ಞಾನಿಯೆಂದು ಹೆಸರಾಗಿದ್ದ ಟಿ. ಸಿ. ಆನಂದಕುಮಾರ್, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿದರು. ಆ ಮೊದಲ ಸ್ಥಾನ ತನ್ನದಲ್ಲ, ಕಲ್ಕತ್ತದ ವೈದ್ಯರದು ಎಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ತನಗೆ ಸಂದ ಕೀರ್ತಿಯನ್ನು ತಾನಾಗಿ ಬಿಟ್ಟುಕೊಟ್ಟ ಇಂತಹ ನಡೆ ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ.

ಗೆರೆಯ ಈಚೆ, ಗೆರೆಯ ಆಚೆ

ಓಲ್ಡಮ್ಮಿನಲ್ಲಿ ಮೂರು ಗಂಟೆಗೊಮ್ಮೆ ನಡೆಯುತ್ತಿದ್ದ ಎಲ್‌ಎಚ್ ಪರೀಕ್ಷೆ ಇಂದು ಔಷಧದ ಅಂಗಡಿಯಲ್ಲಿ ಸಿಗುವ ಪಟ್ಟಿ. ಮಗುವಿಗಾಗಿ ಕಾಯುತ್ತಿರುವವರು ಅದರಿಂದ ತಿಂಗಳ ಫಲವಂತ ದಿನಗಳನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ಇಷ್ಟು ಬೇಗ ತಿಳಿಯುವುದಕ್ಕೆ ಅದರದೇ ಆದ ನೋವೂ ಇದೆ. 1988ರಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಹೆಂಗಸರ ದಿನದಿನದ ಮೂತ್ರವನ್ನು ಪರೀಕ್ಷಿಸಿ 198 ಗರ್ಭಗಳನ್ನು ಗುರುತಿಸಿದರು. ಅವುಗಳಲ್ಲಿ ಶೇಕಡಾ 22ರಷ್ಟು ವೈದ್ಯರ ಗಮನಕ್ಕೆ ಬರುವ ಮೊದಲೇ ಕಳಚಿಹೋಗಿದ್ದವು. ಹಿಂದಿನ ತಲೆಮಾರಿನವರಿಗೆ ಅದು ನಾಲ್ಕು ದಿನ ತಡವಾದ ಮುಟ್ಟು ಮಾತ್ರ. ಇಂದು ಮಸುಕಾದ ಎರಡನೆಯ ಗೆರೆಯನ್ನು ಕಂಡು, ಮರುವಾರ ಅದು ಮೂಡದಿರುವುದನ್ನೂ ಕಾಣುವವಳಿಗೆ ಅದು ಹೆಸರುಳ್ಳ ಅಗಲಿಕೆ. ಅರಿವಿನೊಡನೆ ಶೋಕವೂ ಮನೆಯೊಳಗೆ ಬಂದಿದೆ. ಅದನ್ನು ಹಂಚಿಕೊಳ್ಳುವ ಸೂಲಗಿತ್ತಿಯಾಗಲಿ ದಾದಿಯಾಗಲಿ ಆ ಗಳಿಗೆಯಲ್ಲಿ ಪಕ್ಕದಲ್ಲಿರುವುದಿಲ್ಲ.

ಸೂಲಗಿತ್ತಿಯ ಮಾತು ಇಲ್ಲಿ ಹೊರಗಿನದಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅವರ ಕೈಯೇ ಅವರ ಪರೀಕ್ಷೆಯ ಉಪಕರಣ. ಆ ಕೈ ಹೇಳಿದ್ದನ್ನು ಮೊದಲು ಕೇಳುತ್ತಿದ್ದವಳು ಎದುರಿಗಿದ್ದ ಬಸುರಿ. ಮಂಚದ ಪಕ್ಕದ ಪರೀಕ್ಷೆಯೆಂಬುದು ಯಂತ್ರಯುಗದ ಹೊಸ ಆವಿಷ್ಕಾರವಲ್ಲ. ದೂರ ಹೋಗಿದ್ದದ್ದು ಹಿಂದಿರುಗಿದೆ ಎನ್ನುವುದೇ ಸರಿ.

ಭಾರತದಲ್ಲಿ ಆ ಹಿಂದಿರುಗುವಿಕೆಗೆ ಸಾರ್ವಜನಿಕ ರೂಪವೂ ದೊರೆತಿದೆ. ನಿಶ್ಚಯ್ ಎಂಬ ಹೆಸರಿನ ಗರ್ಭಪರೀಕ್ಷೆಯ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರು ಹಳ್ಳಿಯ ಮನೆಗಳಿಗೆ ತಲುಪಿಸುತ್ತಾರೆ. ಬೇಗ ತಿಳಿದರೆ ಕರ್ನಾಟಕದ ಬಸುರಿಗೆ ಬೇಗ ತಾಯಿ ಕಾರ್ಡು ಸಿಗುತ್ತದೆ, ರಕ್ತಹೀನತೆಗೆ ಬೇಗ ಮಾತ್ರೆ ಸಿಗುತ್ತದೆ. ಗರ್ಭ ಬೇಡವೆನಿಸಿದವಳಿಗೆ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಅವಕಾಶ ಕೈಜಾರುವ ಮೊದಲೇ ತಿಳಿಯುತ್ತದೆ. ಆದರೆ ಇದೇ ನೆಲದಲ್ಲಿ ಭ್ರೂಣದ ಲಿಂಗಪತ್ತೆಯನ್ನು ತಡೆಯಲು 1994ರಲ್ಲಿ ಕಾಯಿದೆ ಮಾಡಬೇಕಾಯಿತು. ಈಜಿಪ್ಟಿನ ಜವೆಗೋಧಿ ಹೇಳಲಾರದೆ ಹೋದದ್ದನ್ನು ಸ್ಕ್ಯಾನಿಂಗ್ ಯಂತ್ರ ಹೇಳಿತು. ತಿಳಿದುಕೊಂಡವರು ಆ ತಿಳಿವನ್ನು ಹೆಣ್ಣಿನ ವಿರುದ್ಧವೇ ಬಳಸಿದರು. ಪಟ್ಟಿಯ ಎರಡು ಗೆರೆಗಳೂ ಹಾಗೆಯೇ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅದನ್ನು ಮೊದಲು ನೋಡುವವಳು ಒಬ್ಬಳೇ ಆಗಿದ್ದರೂ, ಬಾಗಿಲಾಚೆ ಗಂಡನೋ ಅತ್ತೆಯೋ ಕಾಯುತ್ತಿರುವ ಮನೆಗಳಲ್ಲಿ ಆ ಒಂಟಿತನದ ಅವಧಿ ಕೆಲವೇ ನಿಮಿಷಗಳದ್ದು.

ಆ ನಿಮಿಷಗಳು ಅಲ್ಪವೇನಲ್ಲ. ಕಾವ್ಯದ ಸೀತೆಗೆ ಅಷ್ಟೂ ಇರಲಿಲ್ಲ. ಅವಳ ಬಯಕೆ ಮಾತಾಗುವ ಹೊತ್ತಿಗೆ ಅದನ್ನು ಬಳಸಿಕೊಳ್ಳುವವರು ರಥವನ್ನು ಸಿದ್ಧಪಡಿಸಲಿದ್ದರು. ಇಲಿ, ಮೊಲ, ಕಪ್ಪೆಗಳ ಒಡಲನ್ನು ಹಾದು, ಗಾಜಿನ ಪ್ರನಾಳವನ್ನು ಹಾದು, ಕ್ಲಿಪ್ಪಿನ ಡಬ್ಬಿಯನ್ನು ಹಾದು ಬಂದ ಈ ವಿದ್ಯೆ ಹೆಣ್ಣಿಗೆ ಕೊಟ್ಟಿರುವುದು ಲೋಕಕ್ಕೆ ತಿಳಿಯುವ ಮೊದಲು ತಾನು ತಿಳಿಯುವ ಆ ಸ್ವಲ್ಪ ಬಿಡುವನ್ನು. ಅದನ್ನು ಕಾಯ್ದುಕೊಡುವುದು ಪಟ್ಟಿಯ ಕೈಲಾಗದ ಕೆಲಸ. ಅದು ಬಾಗಿಲಾಚೆಯವರ ಹೊಣೆ.